ಮಳೆ ನೋಡಿಕೊಂಡು ನಡೆಸಿದ ಗ್ಯಾಲರಿ

ನಮ್ಮ ಕಾಲೇಜಿನ ಕಲಾ ಗ್ಯಾಲರಿಯ ಚರಿತ್ರೆ ಬರೆದುಕೊಡಿ ಅಂತ ಪ್ರಿನ್ಸಿಪಾಲರು ಕೇಳಿದಾಗ ಹಾರ್ಡ್‌ವೇರ್ ಅಂಗಡಿಯ ಬಿಲ್ಲುಗಳ ಫೈಲು ತೆಗೆದುಕೊಂಡು ಕೂತೆ. ಆಹ್ವಾನ ಪತ್ರಿಕೆಗಳೂ ಇದ್ದವು. ಆದರೆ ಅವುಗಳಲ್ಲಿ ಯಾರು ದೀಪ ಹಚ್ಚಿದರು ಅನ್ನುವುದಷ್ಟೇ ಸಿಗುತ್ತದೆ. ಪ್ಲೈವುಡ್ಡು, ಬಲ್ಬು, ಸುಣ್ಣ ಯಾವ ತಿಂಗಳಲ್ಲಿ ತಂದೆವು ಅಂತ ನೋಡಿದರೆ ಗ್ಯಾಲರಿ ಹೇಗೆ ನಡೆಯಿತು ಅನ್ನುವುದು ತಾನಾಗಿ ಗೊತ್ತಾಗುತ್ತದೆ.

ಬರೋಡಾ, ಶಾಂತಿನಿಕೇತನದಂಥ ಕಡೆ ಕಲಾ ವಿಭಾಗವೇ ದೊಡ್ಡದು, ಗ್ಯಾಲರಿ ಅದರ ಜೊತೆಗೇ ಬೆಳೆಯುತ್ತದೆ. ನಮ್ಮಲ್ಲಿ ಕಲಾ ವಿಭಾಗವೇ ಇಲ್ಲ. ಬಿ.ಎ, ಬಿ.ಕಾಂ, ಬಿ.ಎಸ್ಸಿ ಓದುವ ಮಕ್ಕಳು. ಹಳೇ ಉತ್ತರ ಪತ್ರಿಕೆ ತುಂಬಿಡುತ್ತಿದ್ದ ಕೋಣೆಯೊಂದನ್ನು ಖಾಲಿ ಮಾಡಿಸಿ ‘ಇದನ್ನೇನಾದರೂ ಮಾಡಿ’ ಅಂತ ನನ್ನ ಕೈಗೆ ಕೊಟ್ಟರು. ಕೊಡಗಿನಲ್ಲಿ ನೋಡುವುದಕ್ಕೆ ಜಾಗಗಳಿಲ್ಲ ಅಂತೇನಿಲ್ಲ. ಮಡಿಕೇರಿ ಕೋಟೆಯೊಳಗಿನ ಹಳೇ ಚರ್ಚಿನಲ್ಲಿ ಪುರಾತತ್ವ ಇಲಾಖೆಯ ಮ್ಯೂಸಿಯಂ ಇದೆ. ನಾಲ್ಕುನಾಡು ಅರಮನೆಯ ಗೋಡೆಗಳಲ್ಲಿ ರಾಜರ ಕಾಲದ ಚಿತ್ರಗಳಿವೆ. 2021ರಲ್ಲಿ ಜನರಲ್ ತಿಮ್ಮಯ್ಯನವರ ‘ಸನ್ನಿಸೈಡ್’ ಮನೆ ಕೂಡ ಮ್ಯೂಸಿಯಂ ಆಯಿತು. ಆದರೆ ಇವತ್ತು ಬದುಕಿರುವ, ಇವತ್ತು ಚಿತ್ರ ಬರೆಯುವವರು ತಮ್ಮ ಕೆಲಸ ತೋರಿಸಬೇಕೆಂದರೆ ಅದನ್ನು ಬೆಡ್‌ಶೀಟಿನಲ್ಲಿ ಸುತ್ತಿ ಬಸ್ಸಿಗೆ ಹಾಕಿಕೊಂಡು ಮೈಸೂರಿಗೋ, ಬೆಂಗಳೂರಿನ ವೆಂಕಟಪ್ಪ ಗ್ಯಾಲರಿಗೋ ಹೋಗಬೇಕಿತ್ತು. ನಮ್ಮ ಜಿಲ್ಲೆಗೆ ರೈಲೂ ಇಲ್ಲವಲ್ಲ.

ಮೊದಲ ಸಮಸ್ಯೆ ದುಡ್ಡಿನದ್ದು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಇಲ್ಲಿ ಮೊದಲ ಸಮಸ್ಯೆ ಮಳೆ. ತೋಟದವರು ಮಳೆಯನ್ನು ಇಂಚಿನಲ್ಲಿ ಬರೆದಿಡುತ್ತಾರೆ. ಮಡಿಕೇರಿ ಸುತ್ತ ವರ್ಷಕ್ಕೆ ನೂರಿಂಚು ದಾಟುವುದು ಮಾಮೂಲು. ನೈಋತ್ಯದಿಂದ ಬೀಸಿ ಹೊಡೆಯುವ ಮಳೆಗೆ ನಮ್ಮ ಕೋಣೆಯ ಪಶ್ಚಿಮದ ಗೋಡೆ ಜೂನ್‌ನಿಂದ ಒದ್ದೆ. ಕಾಗದದ ಮೇಲಿನ ಜಲವರ್ಣಕ್ಕೆ ಬೂಷ್ಟು ಹಿಡಿಯಲು ವಾರ ಸಾಕು. ಅದಕ್ಕೇ ಆ ಗೋಡೆಗೆ ಮೊಳೆ ಹೊಡೆಯಲೇ ಇಲ್ಲ. ನಾಲ್ಕಿಂಚು ಜಾಗ ಬಿಟ್ಟು ಮುಂದೆ ಪ್ಲೈವುಡ್ ಗೋಡೆ ನಿಲ್ಲಿಸಿದೆವು, ಹಿಂದೆ ಗಾಳಿ ಆಡಲಿ ಅಂತ. ಪ್ರತಿ ಫ್ರೇಮಿನ ಹಿಂದೆ ಕೆಳಗಿನ ಎರಡು ಮೂಲೆಗೆ ಬಾಟಲಿ ಕಾರ್ಕಿನ ಬಿಲ್ಲೆ ಅಂಟಿಸಿದೆವು. ಕಾಗದ ಗಾಜಿಗೆ ತಾಗದ ಹಾಗೆ ನಡುವೆ ದಪ್ಪ ರಟ್ಟಿನ ಮೌಂಟು. ಚಿತ್ರಗಳನ್ನು ಇಡುವ ಬೀರುವಿನಲ್ಲಿ ಸಿಲಿಕಾ ಜೆಲ್. ನೀಲಿ ಕಾಳು ತೇವ ಕುಡಿದು ಗುಲಾಬಿ ಬಣ್ಣಕ್ಕೆ ತಿರುಗಿದರೆ ಕೆಮಿಸ್ಟ್ರಿ ಲ್ಯಾಬಿನ ಅಟೆಂಡರ್ ಅಣ್ಣ ಅದನ್ನು ಓವನ್‌ನಲ್ಲಿ ಬಿಸಿ ಮಾಡಿ ಮತ್ತೆ ನೀಲಿ ಮಾಡಿಕೊಡುತ್ತಾರೆ. ನಮ್ಮ ಗ್ಯಾಲರಿಯ ಕನ್ಸರ್ವೇಟರ್ ಯಾರು ಅಂದರೆ ಅವರೇ.

ಇಷ್ಟೆಲ್ಲ ಮಾಡಿದರೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪ್ರದರ್ಶನ ಬೇಡ ಅಂತ ನಿರ್ಧರಿಸಿದೆ. ಆಮೇಲೆ ಕಾಫಿ. ಅರೇಬಿಕಾ ಕೊಯ್ಲು ಶುರುವಾಗಿ ರೊಬಸ್ಟಾ ಮುಗಿಯುವ ತನಕ, ಕಣದಲ್ಲಿ ಕಾಫಿ ಹರವಿರುವಾಗ ಯಾರನ್ನು ಕರೆದರೂ ಬರುವುದಿಲ್ಲ. ಬರಬೇಕು ಅಂತ ನಿರೀಕ್ಷಿಸುವುದೂ ತಪ್ಪು. ಉಳಿಯುವುದು ಎರಡೇ ಹೊತ್ತು: ದಸರಾ ಮುಗಿದ ಮೇಲೆ ನಮ್ಮ ಸುಗ್ಗಿ ಹಬ್ಬ ಪುತ್ತರಿವರೆಗೆ, ಮತ್ತೆ ಕಾಫಿ ಹೂ ಅರಳಿಸುವ ಹೂಮಳೆ ಬಿದ್ದ ನಂತರ ಮೇ ಕೊನೆಯವರೆಗೆ. ವರ್ಷಕ್ಕೆ ಎರಡೇ ಪ್ರದರ್ಶನವಾ ಅಂತ ಬೆಂಗಳೂರಿನ ಗೆಳೆಯರು ನಗುತ್ತಾರೆ. ನಗಲಿ ಬಿಡಿ. ಎರಡಕ್ಕೂ ಜನ ಬರುತ್ತಾರೆ.

ದುಡ್ಡಿನ ವಿಷಯ ಬೇಗ ಮುಗಿಸುತ್ತೇನೆ. ಖಾಸಗಿ ಗ್ಯಾಲರಿಗಳು ಮಾರಾಟದಲ್ಲಿ ಮೂರನೇ ಒಂದು ಭಾಗ, ಕೆಲವು ಕಡೆ ಅರ್ಧವೇ ಕಮಿಷನ್ ಹಿಡಿಯುತ್ತವೆ. ನಾವು ಒಂದು ಪೈಸೆಯೂ ಹಿಡಿಯುವುದಿಲ್ಲ. ಕೊಳ್ಳುವವರು ಕಲಾವಿದರಿಗೇ ಕೊಡುತ್ತಾರೆ. ಖರ್ಚಿಗೆ ಕಾಲೇಜಿನ ಸಾಂಸ್ಕೃತಿಕ ನಿಧಿ, ಹಳೇ ವಿದ್ಯಾರ್ಥಿಗಳ ಕೊಡುಗೆ. ನನ್ನ ಪ್ರಕಾರ ಕಮಿಷನ್ ಬಿಡುವುದಕ್ಕಿಂತ ಮುಖ್ಯ, ಕಲಾವಿದರ ಜೀಪು ಬಾಡಿಗೆ ಕೊಡುವುದು. ಅದನ್ನು ಕೊಡಲು ಶುರು ಮಾಡಿದ ಮೇಲೆಯೇ ಒಳಗಿನ ಊರುಗಳಿಂದ ಕೆಲಸ ಬರತೊಡಗಿದ್ದು.

ಏನನ್ನು ತೋರಿಸಬೇಕು ಅನ್ನುವುದು ಎಲ್ಲಕ್ಕಿಂತ ಜಾಸ್ತಿ ತಲೆ ತಿಂದ ಪ್ರಶ್ನೆ. ಕೊಡಗಿನ ಚಿತ್ರ ಅಂದರೆ ಮಂಜು, ಅಬ್ಬಿ ಜಲಪಾತ, ಕೊಡವರ ಉಡುಪಾದ ಕುಪ್ಯಚೇಲೆ ಉಟ್ಟು ಸೊಂಟಕ್ಕೆ ಪೀಚೆಕತ್ತಿ ಸಿಕ್ಕಿಸಿದ ಅಜ್ಜ. ಹೋಂಸ್ಟೇಗಳ ಗೋಡೆಗೆ ಅದು ಚೆಂದ. ನಮಗೆ ಬೇರೆ ಬೇಕಿತ್ತು. ಅಯ್ಯಪ್ಪನ ದೇವರಕಾಡುಗಳಲ್ಲಿ ಹರಕೆಗೆ ಮಣ್ಣಿನ ನಾಯಿ ಒಪ್ಪಿಸುತ್ತಾರೆ. ಕಾಡಿನಿಂದ ಒಂದನ್ನೂ ತರಬಾರದು, ಅದು ದೇವರಿಗೆ ಕೊಟ್ಟದ್ದು. ಹಾಗಾಗಿ ಕುಂಬಾರರೊಬ್ಬರ ಹತ್ತಿರ ಹೋಗಿ ಹೊಸದಾಗಿ ಮಾಡಿಕೊಡಿ ಅಂತ ಕೇಳಿದೆ. ಎರಡು ಬೆರಳಲ್ಲಿ ಚಿವುಟಿದರೆ ಕಿವಿ ಆಯಿತು. ಹೊಟ್ಟೆ ಟೊಳ್ಳು. ಬಾಲದ ಬುಡದಲ್ಲಿ ಒಂದು ತೂತು, ಅದಿಲ್ಲದಿದ್ದರೆ ಸುಡುವಾಗ ಸಿಡಿಯುತ್ತದೆ. ಬೆನ್ನ ಮೇಲೆ ಅವರ ಹೆಬ್ಬೆರಳ ಗೆರೆ ಹಾಗೇ ಉಳಿದಿತ್ತು. ಕೆಳಗೆ ಹೆಸರಿನ ಚೀಟಿ ಅಂಟಿಸುವಾಗ ಅವರು ಕೇಳಿದರು: ‘ನನ್ನ ಹೆಸರು ಯಾಕೆ ಮೇಷ್ಟ್ರೇ? ಹರಕೆ ಹೊತ್ತವರ ಹೆಸರಲ್ವಾ ಇರಬೇಕಾದ್ದು?’ ಬಹಳ ಹೊತ್ತು ಮಾತಾಡಿದೆವು. ಕೊನೆಗೆ, ಇದಕ್ಕೆ ಹರಕೆ ಹೊತ್ತವರು ಯಾರೂ ಇಲ್ಲವಲ್ಲ ಅಂದೆ. ಹಾಗಾದರೆ ಹಾಕಿ ಅಂದರು, ಊರಿನ ಹೆಸರನ್ನೂ ಸೇರಿಸಬೇಕು ಅನ್ನುವ ಷರತ್ತಿನ ಮೇಲೆ.

2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿಯಿತು. ಮಕ್ಕಂದೂರು, ಮೊಣ್ಣಂಗೇರಿ, ಜೋಡುಪಾಲ, ಹಟ್ಟಿಹೊಳೆ, ಇವು ಆಗ ಪೇಪರಿನಲ್ಲಿ ದಿನಾ ಕಾಣುತ್ತಿದ್ದ ಹೆಸರುಗಳು. ನಮ್ಮ ಕೆಲವು ಮಕ್ಕಳ ಮನೆಗಳೂ ಹೋಗಿದ್ದವು. ದೊಡ್ಡ ದೊಡ್ಡ ಫೋಟೋ ಹಾಕೋಣ ಅಂತ ಹೇಳಿದವರು ತುಂಬ ಜನ. ನಾನು ಒಪ್ಪಲಿಲ್ಲ. ಆ ಫೋಟೋಗಳನ್ನು ಎಲ್ಲರೂ ಮೊಬೈಲಿನಲ್ಲಿ ನೋಡಿ ಮುಗಿಸಿದ್ದರು. ಬದಲಿಗೆ ಬಿ.ಕಾಂ ಮಕ್ಕಳು ಲೆಡ್ಜರ್ ಹಾಳೆಯ ಮೇಲೆ ತಮ್ಮ ಮನೆಯ ನಕ್ಷೆಯನ್ನು ನೆನಪಿನಿಂದ ಬರೆದರು. ಒಲೆ ಎಲ್ಲಿತ್ತು, ಬಾವಿ ಎಲ್ಲಿತ್ತು, ಕಣಕ್ಕೆ ಇಳಿಯುವ ಮೆಟ್ಟಿಲು ಎಷ್ಟಿದ್ದವು. ಮನೆಯ ಹಿರಿಯರೂ ಬಂದು ಪಕ್ಕದಲ್ಲಿ ಕೂತರು. ‘ಬಾವಿ ಇಲ್ಲಲ್ಲ ಮಗಳೇ, ಆ ಕಡೆ’ ಅಂತ ಒಬ್ಬ ಅಜ್ಜಿ ರಬ್ಬರ್ ಕಿತ್ತುಕೊಂಡು ತಾವೇ ಅಳಿಸಿದರು. ಅಳಿಸಿದ ಗುರುತುಗಳನ್ನು ಹಾಗೇ ಬಿಟ್ಟು ಫ್ರೇಮ್ ಹಾಕಿಸಿದೆವು. ಮಾರಾಟಕ್ಕಿಲ್ಲ ಅಂತ ಬಾಗಿಲಲ್ಲೇ ಬರೆದಿದ್ದೆವು. ಆದರೂ ಒಬ್ಬರು ಬೆಲೆ ಕೇಳಿದರು, ಏನು ಮಾಡುವುದು! ಗ್ಯಾಲರಿಯಲ್ಲಿ ಈವರೆಗೆ ಆದ ಕೆಲಸದಲ್ಲಿ ಒಳ್ಳೆಯದು ಯಾವುದು ಅಂದರೆ ನಾನು ಇದನ್ನೇ ಹೇಳುತ್ತೇನೆ. ಅದನ್ನು ಮಾಡಿದವರಲ್ಲಿ ಒಬ್ಬರೂ ಕಲಾವಿದರಲ್ಲ.

ಈಗ ನನ್ನ ಕಣ್ಣಿರುವುದು ಮಡಿಕೇರಿ ದಸರಾದ ದಶಮಂಟಪಗಳ ಮೇಲೆ, ಅಂದರೆ ವಿಜಯದಶಮಿ ರಾತ್ರಿ ಮೆರವಣಿಗೆ ಹೊರಡುವ ಹತ್ತು ದೇವಸ್ಥಾನಗಳ ಮಂಟಪಗಳ ಮೇಲೆ. ಒಂದೇ ರಾತ್ರಿಗಾಗಿ ಎಷ್ಟೋ ವಾರ ಕೂತು ರಾಕ್ಷಸರನ್ನು ಕಟ್ಟುತ್ತಾರೆ, ಕೈ ಕಾಲು ಆಡುವ ಹಾಗೆ ಮಾಡುತ್ತಾರೆ, ಬೆಳಗಾಗುವ ಹೊತ್ತಿಗೆ ಎಲ್ಲ ಮುಗಿಯಿತು. ಕೊಡಗಿನಲ್ಲಿ ಇದಕ್ಕಿಂತ ಜೀವಂತವಾದ ಸಮಕಾಲೀನ ಕಲೆ ಇದೆಯಾ? ಜನ ಇದನ್ನು ಕಲೆ ಅಂತ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ಬಹುಮಾನ ಯಾವ ಮಂಟಪಕ್ಕೆ ಅಂತ ಮಾತ್ರ ಕೇಳುತ್ತಾರೆ. ಮಂಟಪ ಕಟ್ಟುವ ಹುಡುಗರ ಹತ್ತಿರ ಮಾತಾಡಿದ್ದೇನೆ. ದಸರಾ ಆದ ಮೇಲೆ ಒಂದು ರಾಕ್ಷಸನ ತೋಳನ್ನು ಅದರ ರಾಡು, ಮೋಟರು, ಬೆಸುಗೆ ಎಲ್ಲ ಕಾಣುವ ಹಾಗೆ, ಮೇಲಿನ ಹೊದಿಕೆ ಇಲ್ಲದೆ ಇಡುವುದು ಅಂತ ಮಾತು. ಅವರಿಗೆ ಖುಷಿಯಾಗಿದೆ. ಆದರೆ ‘ಸರ್, ನಿಮ್ಮ ಬಿಲ್ಡಿಂಗ್ ವೈರಿಂಗ್ ಇದನ್ನು ತಡೀತದಾ?’ ಅಂತ ಕೇಳಿದ್ದಾರೆ. ಮುಂದಿನ ವಾರ ಎಲೆಕ್ಟ್ರಿಷಿಯನ್ ಬಂದು ನೋಡುತ್ತಾನೆ. ಪಶ್ಚಿಮದ ಗೋಡೆಯ ಸ್ವಿಚ್ ಬೋರ್ಡನ್ನು ಮಾತ್ರ ಮುಟ್ಟಬೇಡ ಅಂತ ಈಗಲೇ ಹೇಳಿಟ್ಟಿದ್ದೇನೆ.