ಸಂಕ್ರಾಂತಿ ಕಳೆದರೂ ಬೆಳಗಾಗದ ಬಾಗಿಲು

ನಾನು ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡುವುದು ಬೆಳಗ್ಗೆ 6:10ಕ್ಕೆ. ಮೇ ಕೊನೆಯಲ್ಲಿ ಅಷ್ಟು ಹೊತ್ತಿಗೆ ಹನುಮಂತನಗರದ ನಮ್ಮ ಬೀದಿಯಲ್ಲಿ ಸೂರ್ಯ ಹುಟ್ಟಿ ಕಾಲು ಗಂಟೆಯಾಗಿರುತ್ತದೆ. ಜನವರಿಯಲ್ಲಿ ಇಟ್ಟ ಚುಕ್ಕಿಯೇ ಕಾಣುವುದಿಲ್ಲ. "ಸಂಕ್ರಾಂತಿ ಬಂತಲ್ಲಮ್ಮ, ಇನ್ನು ಬೇಗ ಬೆಳಕಾಗುತ್ತೆ" ಎಂದು ನಮ್ಮತ್ತೆ ಪ್ರತಿ ವರ್ಷ ಹೇಳುತ್ತಾರೆ. ಎಳ್ಳುಬೆಲ್ಲ ಬೀರಿ ಹತ್ತು ದಿನವಾದರೂ ಬೆಳಗು ಬೇಗ ಆಗುತ್ತಿರಲಿಲ್ಲ. ಯಾಕೆಂದು ನಾನೇ ನೋಡಬೇಕೆನಿಸಿತು.

ಸುತ್ತ ಅಪಾರ್ಟ್‌ಮೆಂಟುಗಳಿರುವುದರಿಂದ ನಮಗೆ ಸೂರ್ಯ ಹುಟ್ಟುವುದೂ ಮುಳುಗುವುದೂ ಕಾಣದು. ಹಾಗಾಗಿ ಮಧ್ಯಾಹ್ನದ ನೆರಳನ್ನು ಹಿಡಿದೆ. ತಾರಸಿಯಲ್ಲಿ ಒಂದು ಕೋಲು ನೆಟ್ಟಗೆ ನಿಲ್ಲಿಸಿ, ಅದರ ಬುಡವನ್ನೇ ನಡುವಾಗಿಟ್ಟು ಸೀಮೆಸುಣ್ಣದಲ್ಲಿ ಒಂದು ವೃತ್ತ ಎಳೆದೆ. ಬೆಳಗ್ಗೆ ನೆರಳಿನ ತುದಿ ವೃತ್ತವನ್ನು ಮುಟ್ಟಿ ಒಳಗೆ ಬರುವ ಜಾಗ ಒಂದು, ಮಧ್ಯಾಹ್ನದ ಮೇಲೆ ಮುಟ್ಟಿ ಹೊರಗೆ ಹೋಗುವ ಜಾಗ ಇನ್ನೊಂದು. ಎರಡರ ನಟ್ಟನಡುವಿನಿಂದ ಬುಡಕ್ಕೆ ಗೆರೆ ಎಳೆದರೆ ಅದೇ ಉತ್ತರ-ದಕ್ಷಿಣ. ನಮ್ಮ ಹಳೆಯ ಜ್ಯೋತಿಷಿಗಳ ಶಂಕು ಇದೇ. ನೆರಳು ಆ ಗೆರೆಯ ಮೇಲೆ ಬಂದ ಗಳಿಗೆಯೇ ನಿಜವಾದ ನಡುಹಗಲು.

ಅದು ಹನ್ನೆರಡಕ್ಕೆ ಸರಿಯಾಗಿ ಬರುವುದೇ ಇಲ್ಲ. ಇಡೀ ದೇಶದ ಗಡಿಯಾರ 82.5 ಡಿಗ್ರಿ ರೇಖಾಂಶದ್ದು, ಬೆಂಗಳೂರು ಇರುವುದು ಅದಕ್ಕೆ ಪಶ್ಚಿಮದಲ್ಲಿ, 77.6ರಲ್ಲಿ. ಅದಕ್ಕೇ ಸುಮಾರು 20 ನಿಮಿಷ ತಡ. ಇಷ್ಟು ನನಗೆ ಗೊತ್ತಿತ್ತು. ಆದರೆ ನವೆಂಬರ್ ಮೊದಲ ವಾರ 12:04ಕ್ಕೆ ಗೆರೆ ಮುಟ್ಟಿದ ನೆರಳು ಫೆಬ್ರವರಿ 11ರ ಹೊತ್ತಿಗೆ 12:34ಕ್ಕೆ ಮುಟ್ಟಿತು! ನಡುಹಗಲೇ ಅರ್ಧ ಗಂಟೆ ಜಾರಿತ್ತು. ಗಡಿಯಾರ ಕೆಟ್ಟಿದೆಯೇನೋ ಎಂದು ಫೋನಿನ ಜೊತೆ ಹೋಲಿಸಿಯೂ ನೋಡಿದೆ. (ಮೇ, ಜೂನ್‌ನಲ್ಲಿ ನಡುಹಗಲಿನ ನೆರಳು ದಕ್ಷಿಣಕ್ಕೆ ಬೀಳುತ್ತದೆ. ಏಪ್ರಿಲ್ 24 ಮತ್ತು ಆಗಸ್ಟ್ 18ರ ಆಸುಪಾಸಿನಲ್ಲಿ ಕೋಲಿಗೆ ನೆರಳೇ ಇರುವುದಿಲ್ಲ. ಆಗಸ್ಟಿನದು ಮೋಡದಲ್ಲಿ ತಪ್ಪಿಹೋಯಿತು.)

ಜನವರಿ ಮೊದಲ ವಾರ ಭೂಮಿ ಸೂರ್ಯನಿಗೆ ಅತಿ ಹತ್ತಿರವಿದ್ದು ತನ್ನ ಕಕ್ಷೆಯಲ್ಲಿ ವೇಗವಾಗಿ ಓಡುತ್ತದೆ; ಹಾಗಾಗಿ ಸೂರ್ಯ ಮತ್ತೆ ನೆತ್ತಿಯ ಗೆರೆಗೆ ಬರಲು ಭೂಮಿ ತುಸು ಹೆಚ್ಚು ತಿರುಗಬೇಕು. ಅಕ್ಷದ ಓರೆಯೂ ಅದಕ್ಕೆ ಸೇರಿ, ಡಿಸೆಂಬರ್ ಕೊನೆಯಲ್ಲಿ ಒಂದು ನಡುಹಗಲಿನಿಂದ ಇನ್ನೊಂದಕ್ಕೆ 24 ಗಂಟೆಯ ಮೇಲೆ ಸುಮಾರು ಅರ್ಧ ನಿಮಿಷ ಹಿಡಿಯುತ್ತದೆ. ಆಗ ಬೆಂಗಳೂರಿನಲ್ಲಿ ಹಗಲು ಬೆಳೆಯುವುದು ದಿನಕ್ಕೆ ಕೆಲವೇ ಸೆಕೆಂಡು. ನಮ್ಮೂರಲ್ಲಿ ಅತಿ ಚಿಕ್ಕ ಹಗಲು 11 ಗಂಟೆ 21 ನಿಮಿಷ, ಅತಿ ದೊಡ್ಡದು 12 ಗಂಟೆ 53 ನಿಮಿಷ; ವ್ಯತ್ಯಾಸ ಒಂದೂವರೆ ಗಂಟೆ ಅಷ್ಟೆ. ಆ ಪುಟ್ಟ ಬೆಳವಣಿಗೆಯನ್ನು ನಡುಹಗಲಿನ ಜಾರುವಿಕೆ ನುಂಗಿಬಿಡುತ್ತದೆ. ಆದ್ದರಿಂದಲೇ ಡಿಸೆಂಬರ್ 21ರಂದು 6:37ಕ್ಕೆ ಹುಟ್ಟುವ ಸೂರ್ಯ ಜನವರಿ ಕೊನೆಯಲ್ಲಿ 6:46 ದಾಟಿಸುತ್ತಾನೆ.

ಇದನ್ನೆಲ್ಲ ಅತ್ತೆಗೆ ತೋರಿಸಿದೆ. ಅವರು ಕ್ಯಾಲೆಂಡರಿನ ಸಂಜೆಯ ಸಾಲಿನ ಮೇಲೆ ಬೆರಳಿಟ್ಟರು. ನವೆಂಬರ್ 20ಕ್ಕೆ ಸೂರ್ಯಾಸ್ತ 5:50, ಸಂಕ್ರಾಂತಿಗೆ 6:11. ದಿನಾ ಸಂಜೆ ತುಳಸಿಗೆ ದೀಪ ಹಚ್ಚುವವರು ಅವರು. ಎರಡು ತಿಂಗಳಿಂದ ಅವರ ಕಣ್ಣೆದುರು ಬೆಳಕು ಬೆಳೆಯುತ್ತಲೇ ಇತ್ತು.

ಬಾಗಿಲ ಮೇಲಿನ ಬಲ್ಬನ್ನು ನಾನು ಈಗ ಫೆಬ್ರವರಿ ಮುಗಿಯುವವರೆಗೆ ತೆಗೆಯುವುದಿಲ್ಲ.