ಹಳೇ ಎಲೆಕ್ಟ್ರಿಕ್, ಹೈಬ್ರಿಡ್ ಕಾರಿಗೆ ನಾನು ಬೆಲೆ ಕಟ್ಟುವ ಬಗೆ

ಸೆಕೆಂಡ್ ಹ್ಯಾಂಡ್ ಪೆಟ್ರೋಲ್ ಕಾರಿನ ಬೆಲೆ ಗೊತ್ತುಮಾಡಲು ಮಾಡೆಲ್ ವರ್ಷ, ಓಡಿದ ಕಿಲೋಮೀಟರ್, ಎಷ್ಟನೇ ಓನರ್ ಅನ್ನುವ ಮೂರು ಲೆಕ್ಕ ಬಹುಮಟ್ಟಿಗೆ ಸಾಕು. ಎಲೆಕ್ಟ್ರಿಕ್ ಕಾರಿಗೂ ಅದೇ ಲೆಕ್ಕ ಹಾಕಿದರೆ ಕೈ ಸುಟ್ಟುಕೊಳ್ಳುತ್ತೀರಿ. ಬರೀ 30,000 ಕಿ.ಮೀ. ಓಡಿ, ಫುಲ್ ಚಾರ್ಜ್‌ನಲ್ಲಿ ತಿಂಗಳುಗಟ್ಟಲೆ ಬಿಸಿಲಿಗೆ ನಿಂತ ಕಾರಿನ ಬ್ಯಾಟರಿ, ದಿನಾ ಓಡಿ 90,000 ದಾಟಿದ ಕಾರಿನದ್ದಕ್ಕಿಂತ ಹೆಚ್ಚು ಸೊರಗಿರಬಹುದು. ಅದಕ್ಕೇ ನಾನು ಮೊದಲು ಅಳೆಯುವುದು ಬ್ಯಾಟರಿಯಲ್ಲಿ ಉಳಿದಿರುವ ಕೆಪಾಸಿಟಿಯನ್ನು. ಓಡೋಮೀಟರ್ ಆಮೇಲೆ.

ಡ್ಯಾಶ್‌ಬೋರ್ಡಿನ ರೇಂಜ್ ಅಂಕಿಯನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಹಿಂದಿನ ಓಡಾಟ ನೋಡಿ ಕಾರು ಮಾಡುವ ಅಂದಾಜು ಅದು. ನಾಲ್ಕು ದಿನ ನಿಧಾನವಾಗಿ ಓಡಿಸಿದರೆ ತಾನಾಗಿ ಏರುತ್ತದೆ. ಹಳೇ ನಿಸಾನ್ ಲೀಫ್‌ನಲ್ಲಿರುವ 12 ಕೆಪಾಸಿಟಿ ಬಾರ್‌ಗಳನ್ನೂ ಒಂದೇ ನೋಟಕ್ಕೆ ನಂಬಬಾರದು. ಬಿಎಂಎಸ್ (ಬ್ಯಾಟರಿಯನ್ನು ನೋಡಿಕೊಳ್ಳುವ ಕಂಪ್ಯೂಟರ್) ರೀಸೆಟ್ ಮಾಡಿದರೆ ಹೋದ ಬಾರ್ ಕೆಲವು ದಿನ ಮರಳಿ ಬಂದಿರುತ್ತದೆ.

ಸರಿಯಾದ ದಾರಿ ಚಾರ್ಜ್ ಮಾಡಿ ನೋಡುವುದೇ. ಚಾರ್ಜ್ 20%ಕ್ಕೆ ಇಳಿಯುವವರೆಗೆ ಕಾರನ್ನು ಓಡಿಸಿ, ಒಂದು ಗಂಟೆ ತಣಿಯಲು ಬಿಟ್ಟು, ಎಸಿ ಚಾರ್ಜರ್‌ನಲ್ಲಿ 80%ವರೆಗೆ ತುಂಬಿಸುತ್ತೇನೆ. ಈ ಹೊತ್ತಿನಲ್ಲಿ ಕಾರಿನ ಏರ್ ಕಂಡಿಷನರ್, ಲೈಟು ಎಲ್ಲ ಆಫ್ ಇರಬೇಕು. ಪ್ಲಗ್ಗಿನ ಕಡೆಯ ಮೀಟರ್ 24 ಯೂನಿಟ್ ತೋರಿಸಿತು ಅನ್ನಿ. ಅದರಲ್ಲಿ ಸುಮಾರು ಹತ್ತರಲ್ಲೊಂದು ಭಾಗ ಚಾರ್ಜಿಂಗ್‌ನಲ್ಲೇ ನಷ್ಟವಾಗುತ್ತದೆ, ಬ್ಯಾಟರಿಗೆ ಸೇರಿದ್ದು 21.6. ತುಂಬಿದ್ದು 60% ಆದ್ದರಿಂದ 21.6 ಅನ್ನು 0.6ರಿಂದ ಭಾಗಿಸಿದರೆ 36 ಯೂನಿಟ್. ಹೊಸದರಲ್ಲಿ ಬಳಕೆಗೆ ಸಿಗುತ್ತಿದ್ದದ್ದು 40 ಆಗಿದ್ದರೆ ಉಳಿದಿರುವುದು 90%. ಬ್ರೋಷರಿನ ಒಟ್ಟು ಕೆಪಾಸಿಟಿಗೆ ಹೋಲಿಸಿದರೆ ಒಳ್ಳೇ ಬ್ಯಾಟರಿಯೂ ಕೆಟ್ಟದ್ದಾಗಿ ಕಾಣುತ್ತದೆ, ಬಳಕೆಯ ಕೆಪಾಸಿಟಿಗೇ ಹೋಲಿಸಿ. 10% ಮಾತ್ರ ತುಂಬಿಸಿ ಲೆಕ್ಕ ಹಾಕುವುದು ದಂಡ, ಪರ್ಸೆಂಟ್ ಅಂಕಿಯ ಒಂದೇ ಒಂದು ಮೆಟ್ಟಿಲು ತಪ್ಪಿದರೂ ಉತ್ತರ ಎಲ್ಲಿಗೋ ಹೋಗುತ್ತದೆ.

ಆಮೇಲೆ ಒಬಿಡಿ ಡಾಂಗಲ್ (ಕಾರಿನ ಕಂಪ್ಯೂಟರ್ ಮಾಹಿತಿ ಓದುವ ಚಿಕ್ಕ ಸಾಧನ) ಹಾಕಿ ಬ್ಯಾಟರಿಯೊಳಗಿನ ಒಂದೊಂದು ಸೆಲ್‌ನ ವೋಲ್ಟೇಜ್ ನೋಡುತ್ತೇನೆ. ನಿಂತ ಕಾರಿನಲ್ಲಿ ಎಲ್ಲ ಸೆಲ್ ಸಮನಾಗಿಯೇ ಕಾಣುತ್ತವೆ. ಚಾರ್ಜ್ 20%ಕ್ಕಿಂತ ಕೆಳಗಿರುವಾಗ ಆಕ್ಸಲರೇಟರ್ ಜೋರಾಗಿ ಒತ್ತಿದರೆ ಸೊರಗಿದ ಸೆಲ್ ಮಾತ್ರ ಥಟ್ಟನೆ ಕುಸಿಯುತ್ತದೆ. ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಬ್ಯಾಟರಿಯ ವೋಲ್ಟೇಜ್ ನಡುವಿನ ಭಾಗದಲ್ಲಿ ಹೆಚ್ಚೂಕಡಿಮೆ ಒಂದೇ ಇರುವುದರಿಂದ, ಅದರಲ್ಲಿ ವ್ಯತ್ಯಾಸ ಹುಡುಕಬೇಕಾದದ್ದು ಚಾರ್ಜ್ ತೀರಾ ಹೆಚ್ಚು ಇಲ್ಲವೇ ತೀರಾ ಕಡಿಮೆ ಇರುವಾಗಲೇ.

ಬೆಲೆಯ ವಿಷಯದಲ್ಲಿ ನನ್ನ ಅಭಿಪ್ರಾಯ ಗಟ್ಟಿ: ಹಳೇ ಇನ್‌ವಾಯ್ಸ್ ಮರೆತುಬಿಡಿ, ಇವತ್ತು ಅದೇ ಥರದ ಹೊಸ ಕಾರು ಎಷ್ಟಕ್ಕೆ ಸಿಗುತ್ತದೆ ಅಲ್ಲಿಂದ ಕೆಳಗಿಳಿಯಿರಿ. 2023ರ ಜನವರಿಯಲ್ಲಿ ಟೆಸ್ಲಾ ಹೊಸ ಕಾರುಗಳ ಬೆಲೆ ಇಳಿಸಿದಾಗ ಹಳೇ ಟೆಸ್ಲಾಗಳ ಬೆಲೆಯೂ ಜೊತೆಗೇ ಜಾರಿತು. ಕಾರಿನಲ್ಲಿ ಏನೂ ಕೆಟ್ಟಿರಲಿಲ್ಲ. ಇನ್ನೊಂದು ಮಾತು ವಾರಂಟಿಯದು. ಬಹಳಷ್ಟು ಕಂಪನಿಗಳು 8 ವರ್ಷ ಅಥವಾ 1,60,000 ಕಿ.ಮೀ. ಕೊಡುತ್ತವೆ, ಕೆಪಾಸಿಟಿ 70%ಕ್ಕಿಂತ ಇಳಿದರೆ ಬ್ಯಾಟರಿ ಅವರ ಹೊಣೆ. ಹಾಗಾಗಿ ಏಳೂವರೆ ವರ್ಷವಾಗಿ 72%ರಲ್ಲಿ ನಿಂತ ಕಾರು ಎಲ್ಲಕ್ಕಿಂತ ಕೆಟ್ಟ ವ್ಯಾಪಾರ: ರೇಂಜೂ ಇಲ್ಲ, ಕ್ಲೇಮೂ ಇಲ್ಲ. ವಾರಂಟಿ ಎರಡು ವರ್ಷ ಬಾಕಿಯಿದ್ದು 69%ಕ್ಕೆ ಇಳಿದ ಕಾರು ಅದಕ್ಕಿಂತ ಎಷ್ಟೋ ಮೇಲು. ವಾರಂಟಿ ಹೊಸ ಓನರ್‌ಗೆ ವರ್ಗವಾಗುತ್ತದೆಯೇ ಎಂದು ಮಾತ್ರ ಕಾಗದದಲ್ಲಿ ನೋಡಿಕೊಳ್ಳಿ.

ಹೈಬ್ರಿಡ್‌ಗೆ ಬಂದರೆ ಟೊಯೊಟಾ ಪ್ರಿಯಸ್ ನನಗೆ ಇಷ್ಟವಾದ ಗಾಡಿ. ಕ್ಲಚ್ ಇಲ್ಲ, ಪ್ರತ್ಯೇಕ ಸ್ಟಾರ್ಟರ್ ಇಲ್ಲ, ಆಲ್ಟರ್ನೇಟರ್ ಇಲ್ಲ. ಎರಡನೇ ತಲೆಮಾರಿನದರ ಬ್ಯಾಟರಿಯಲ್ಲಿ 7.2 ವೋಲ್ಟಿನ 28 ಮಾಡ್ಯೂಲ್ (ಸೆಲ್‌ಗಳ ಕಟ್ಟು) ಸಾಲಾಗಿ ಕೂಡಿ 201.6 ವೋಲ್ಟ್ ಕೊಡುತ್ತವೆ. ಈ ಬ್ಯಾಟರಿಯನ್ನು ಕೊಲ್ಲುವುದು ಶಾಖ, ಶಾಖಕ್ಕೆ ಹಲವು ಸಲ ಕಾರಣ ಧೂಳು. ಹಿಂದಿನ ಸೀಟಿನ ಪಕ್ಕದ ಜಾಲರಿಗೆ ಟಾರ್ಚ್ ಬಿಟ್ಟು ನೋಡಿ. ಬ್ಯಾಟರಿಯ ಕೂಲಿಂಗ್ ಫ್ಯಾನ್ ಗಾಳಿ ಎಳೆಯುವುದು ಅಲ್ಲಿಂದಲೇ. ನಾಯಿಕೂದಲು, ಸೀಟಿನ ನಾರು ಸೇರಿ ಕಂಬಳಿಯ ಹಾಗೆ ಗಟ್ಟಿಯಾಗಿ ಅಂಟಿದ್ದರೆ ಬ್ಯಾಟರಿ ವರ್ಷಗಟ್ಟಲೆ ಬೆಂದಿದೆ ಎಂದೇ ಅರ್ಥ. ಫ್ಯಾನ್ ಬಿಚ್ಚುವ ಮುಂಚೆ ಬ್ಯಾಟರಿಯ ಸಂಪರ್ಕ ಕಡಿಯುವ ಕಿತ್ತಳೆ ಬಣ್ಣದ ಸರ್ವಿಸ್ ಪ್ಲಗ್ ತೆಗೆದು ಕನಿಷ್ಠ 10 ನಿಮಿಷ ಕಾಯಬೇಕು, 1,000 ವೋಲ್ಟಿನ ಇನ್ಸುಲೇಟೆಡ್ ಗ್ಲೌಸ್ ಕೈಗಿರಲೇಬೇಕು. ಹೈಬ್ರಿಡ್ ಬ್ಯಾಟರಿ ಬದಲಿಸಿ ಎನ್ನುವ ಪಿ0ಎ80 ದೋಷದ ಕೋಡ್ ಬಂದಾಗ ಒಂದೇ ಮಾಡ್ಯೂಲ್ ಬದಲಿಸುವ ರಿಪೇರಿಯನ್ನು ನಾನು ಒಪ್ಪುವುದಿಲ್ಲ. ಹೊಸದು ಹಳೆಯವುಗಳ ಜೊತೆ ಹೊಂದುವುದಿಲ್ಲ, ಕೆಲವೇ ತಿಂಗಳಲ್ಲಿ ಪಕ್ಕದ್ದು ಹೋಗುತ್ತದೆ.

ಸಿಎನ್‌ಜಿ ಕಾರಿನಲ್ಲಿ ಎರಡೇ ಮುಖ್ಯ. ಗ್ಯಾಸ್ ಸಿಲಿಂಡರ್ 200 ಬಾರ್ ಒತ್ತಡ ತಡೆಯಬೇಕು, ಅದರ ಟೆಸ್ಟ್ ತಾರೀಖು ಮುಗಿದಿರಬಾರದು. ಎಂಜಿನ್ನಿನ ಒಳಗಿನ ಒತ್ತಡ ಅಳೆಯುವ ಕಂಪ್ರೆಷನ್ ಟೆಸ್ಟ್‌ನಲ್ಲಿ ಎಂಜಿನ್ನಿನ ಒಂದು ಸಿಲಿಂಡರ್ ತೀರಾ ಕಡಿಮೆ ತೋರಿಸಿದರೆ ವಾಲ್ವ್ ಸೀಟ್ ಸವೆದಿರುವ ಅನುಮಾನ ಬರಬೇಕು. ಹೈಡ್ರೋಜನ್ ಕಾರು, ಉದಾಹರಣೆಗೆ ಮಿರಾಯ್, ಎಷ್ಟು ಅಗ್ಗಕ್ಕೆ ಸಿಕ್ಕರೂ 700 ಬಾರ್ ತುಂಬುವ ಸ್ಟೇಷನ್ ಹತ್ತಿರ ಇಲ್ಲದಿದ್ದರೆ ಬೇಡ.

ಕೊನೆಗೆ, ಯಾವ ವಾರ್ನಿಂಗ್ ಲೈಟ್ ಕಂಡರೂ ಮೊದಲು 12 ವೋಲ್ಟಿನ ಚಿಕ್ಕ ಬ್ಯಾಟರಿ ಅಳೆಯಿರಿ. ರಾತ್ರಿಯಿಡೀ ನಿಂತ ಕಾರಿನಲ್ಲಿ ಅದು 12ಕ್ಕಿಂತ ಕೆಳಗಿದ್ದರೆ ಕಂಪ್ಯೂಟರ್‌ಗಳು ಸಂಬಂಧವೇ ಇಲ್ಲದ ಕೋಡ್‌ಗಳನ್ನೆಲ್ಲ ಹಾಕುತ್ತವೆ. ಅದನ್ನು ಬದಲಿಸಿ, ಕೋಡ್ ಅಳಿಸಿ, ಎರಡು ದಿನ ಓಡಿಸಿದ ಮೇಲೂ ಅದೇ ಕೋಡ್ ಮರಳಿದರೆ ಮಾತ್ರ ನಾನು ಆ ಕಾರನ್ನು ಕೈಬಿಡುತ್ತೇನೆ.