ಡಮಾಸ್ಕಸ್‌ಗೆ ಇಳಿದ ದಿನ

ಚಾರಣಿಗರು ತಂಗುವ ಡಬಲ್ ಸ್ಪ್ರಿಂಗ್ಸ್ ಶೆಲ್ಟರ್‌ನಲ್ಲಿ ಬೆಳಗಿನ ಐದೂವರೆಗೆ ಎದ್ದು, ಹೆಡ್‌ಲ್ಯಾಂಪಿನ ಬೆಳಕಿನಲ್ಲಿ ಆಹಾರದ ಚೀಲವನ್ನು ತಡಕಾಡಿದಾಗ ಸಿಕ್ಕಿದ್ದು ಎರಡು ಟೋರ್ಟಿಯಾ, ಡಬ್ಬಿಯ ಅಂಚಿಗೆ ಅಂಟಿದ್ದ ಶೇಂಗಾ ಬೆಣ್ಣೆ ಮತ್ತು ಒಂದು ಹಿಡಿ ಒಣದ್ರಾಕ್ಷಿ. ಮುಂದಿನ ಊರಿನವರೆಗೆ ಸಾಕಾಗುವಷ್ಟನ್ನೇ ಹೊರುವುದು ದೀರ್ಘ ಚಾರಣದ ಲೆಕ್ಕವಾದ್ದರಿಂದ ಇದರಲ್ಲಿ ಆತಂಕಪಡುವಂಥದ್ದು ಏನೂ ಇರಲಿಲ್ಲ. ಅಮೆರಿಕದ ದೀರ್ಘ ಕಾಲ್ದಾರಿಯಾದ ಅಪಲೇಷಿಯನ್ ಟ್ರೈಲ್‌ನ ದಕ್ಷಿಣದ ತುದಿಯಾದ, ಜಾರ್ಜಿಯಾ ರಾಜ್ಯದ ಸ್ಪ್ರಿಂಗರ್ ಬೆಟ್ಟದಿಂದ ಸುಮಾರು 750 ಕಿ.ಮೀ. ದೂರದಲ್ಲಿರುವ ವರ್ಜೀನಿಯಾದ ಡಮಾಸ್ಕಸ್ ಎಂಬ ಪುಟ್ಟ ಊರನ್ನು ಆ ಸಂಜೆ ಸೇರಬೇಕಿತ್ತು. ಉಳಿದಿದ್ದದ್ದು 30 ಕಿ.ಮೀ.

ಆತಂಕವಿದ್ದದ್ದು ಶೂಗಳ ಬಗ್ಗೆ. ವಾರಗಟ್ಟಲೆ ಭಾರ ಹೊತ್ತು ನಡೆದರೆ ಪಾದಗಳು ಊದಿ ಅಗಲವಾಗುತ್ತವೆ; ಜಾರ್ಜಿಯಾದಲ್ಲಿ ಸರಿಯಾಗಿ ಹೊಂದಿದ್ದ ಶೂಗಳಲ್ಲಿ ಈಗ ಬೆರಳುಗಳು ತುದಿಗೆ ತಾಗುತ್ತಿದ್ದವು. ಒಂದು ಅಳತೆ ದೊಡ್ಡದಾದ ಹೊಸ ಜೋಡಿಯನ್ನು ನನ್ನ ಹೆಸರಿಗೆ, ‘ಜನರಲ್ ಡೆಲಿವರಿ’ (ನಾವು ಬಂದು ಪಡೆಯುವವರೆಗೆ ಅಂಚೆ ಕಚೇರಿಯಲ್ಲೇ ಇಟ್ಟುಕೊಳ್ಳುವ ವ್ಯವಸ್ಥೆ) ಎಂದು ಬರೆಸಿ, ಡಮಾಸ್ಕಸ್‌ನ ಅಂಚೆ ಕಚೇರಿಗೆ ತರಿಸಿಕೊಂಡಿದ್ದೆ. ಅಂದು ಶುಕ್ರವಾರ. ಅಂಚೆ ಕಚೇರಿ ಮುಚ್ಚುವುದರೊಳಗೆ ತಲುಪಬೇಕೆಂಬ ಯೋಚನೆಯೊಂದೇ ತಲೆಯಲ್ಲಿತ್ತು.

ಹೋಲ್ಸ್ಟನ್ ಬೆಟ್ಟದ ಏಣಿನ ಮೇಲೆ ಸಾಗುವ ಆ ದಾರಿ ನಡೆಯಲು ಸುಲಭ, ದೊಡ್ಡ ಏರುಗಳಿಲ್ಲ. ಆದರೆ ಏಣಿನ ಮೇಲೆ ನೀರು ಸಿಗುವುದು ಅಪರೂಪ ಎಂಬುದನ್ನು ಅನುಭವಿಗಳು ಮರೆಯುವುದಿಲ್ಲ, ನಾನು ಮರೆತೆ. ಊರಿಗೆ ಇನ್ನೂ 16 ಕಿ.ಮೀ. ಇರುವಾಗ ಸಿಗುವ ಅಬಿಂಗ್ಡನ್ ಗ್ಯಾಪ್ ಶೆಲ್ಟರ್‌ನಲ್ಲಿ ಒರತೆಗೆ ಹೋಗಬೇಕೆಂದರೆ ಕಡಿದಾದ ಇಳಿಜಾರಿನಲ್ಲಿ ಕೆಳಗಿಳಿದು, ತುಂಬಿದ ಬಾಟಲಿಗಳೊಂದಿಗೆ ಮತ್ತೆ ಹತ್ತಬೇಕು. ಇಪ್ಪತ್ತು ನಿಮಿಷದ ಕೆಲಸ. ಬಾಟಲಿಯಲ್ಲಿದ್ದ ಅರ್ಧ ಲೀಟರ್ ಸಾಕೆಂದುಕೊಂಡು ಮುಂದೆ ನಡೆದೆ. ಎರಡು ಗಂಟೆಯೊಳಗೆ ಅದು ಮುಗಿದು, ನಾಲಿಗೆ ಅಂಗುಳಿಗೆ ಅಂಟತೊಡಗಿತು.

ಟೆನೆಸ್ಸೀ ಮುಗಿದು ವರ್ಜೀನಿಯಾ ಆರಂಭವಾಗುವಲ್ಲಿ ಒಂದು ಮರದ ಫಲಕವಿದೆ. ಟ್ರೈಲ್ ಹಾದುಹೋಗುವ ಹದಿನಾಲ್ಕು ರಾಜ್ಯಗಳಲ್ಲಿ ಅತಿ ಉದ್ದದ ಭಾಗ, ಸುಮಾರು 880 ಕಿ.ಮೀ., ಇಲ್ಲಿಂದ ಮುಂದಿದೆ ಎಂಬುದನ್ನು ನೆನೆದು ಸಂಭ್ರಮಿಸುವ ಸ್ಥಿತಿಯಲ್ಲಿ ನಾನಿರಲಿಲ್ಲ, ಏಕೆಂದರೆ ಇಳಿಜಾರಿನ ಪ್ರತಿ ಹೆಜ್ಜೆಗೂ ಎಡ ಹೆಬ್ಬೆರಳು ಶೂವಿನ ತುದಿಗೆ ಗುದ್ದುತ್ತಿತ್ತು. ಫಲಕದ ಬಳಿ ಕುಳಿತು ದಾರ ಬಿಚ್ಚಿ, ಹಿಮ್ಮಡಿಯನ್ನು ಹಿಂದಕ್ಕೆ ಒತ್ತಿ ಕೂರಿಸಿ, ಮೇಲಿನ ಎರಡು ರಂಧ್ರಗಳ ನಡುವೆ ಎರಡೂ ಕಡೆ ಸಣ್ಣ ಕುಣಿಕೆ ಮಾಡಿದೆ. ದಾರದ ತುದಿಗಳನ್ನು ಎದುರು ಬದಿಯ ಕುಣಿಕೆಯೊಳಗೆ ತೂರಿಸಿ ಬಿಗಿಯಾಗಿ ಎಳೆದರೆ ಕಣಕಾಲಿನ ಬಳಿ ಶೂ ಬಿಗಿದು, ಪಾದ ಮುಂದಕ್ಕೆ ಜಾರುವುದಿಲ್ಲ. ಊರುಗೋಲುಗಳನ್ನೂ ಒಂದಿಷ್ಟು ಉದ್ದ ಮಾಡಿಕೊಂಡು, ಭಾರವನ್ನು ಅವುಗಳ ಮೇಲೆ ಹಾಕಿ ಚಿಕ್ಕ ಹೆಜ್ಜೆಗಳಲ್ಲಿ ಇಳಿದೆ. ಇದನ್ನು ಏಣಿನ ಮೇಲಿರುವಾಗಲೇ ಮಾಡಬೇಕಿತ್ತು.

ಕಾಡು ಮುಗಿದ ಕೂಡಲೇ ಮನೆಗಳು ಎದುರಾದವು. ದಾರಿಯುದ್ದಕ್ಕೂ ಮರಗಳ ಮೇಲೆ ಕಂಡಿದ್ದ, ಎರಡು ಇಂಚು ಅಗಲ, ಆರು ಇಂಚು ಎತ್ತರದ ಬಿಳಿ ಪಟ್ಟೆಗಳು ಇಲ್ಲಿ ಕಂಬಗಳ ಮೇಲೆ ಕಾಣಿಸಿಕೊಂಡು, ಊರಿನ ಮುಖ್ಯ ಬೀದಿಯಾದ ಲಾರೆಲ್ ಅವೆನ್ಯೂ ಮೇಲೆಯೇ ನನ್ನನ್ನು ನಡೆಸಿಕೊಂಡು ಹೋದವು. ಬೆವರು ವಾಸನೆಯ ಗಡ್ಡಧಾರಿಯೊಬ್ಬ ಬೆನ್ನುಚೀಲ ಹೊತ್ತು ಕುಂಟುತ್ತಾ ಬರುವುದನ್ನು ಅಲ್ಲಿ ಯಾರೂ ತಿರುಗಿ ನೋಡಲಿಲ್ಲ.

ಅಂಚೆ ಕಚೇರಿ ಮುಚ್ಚಲು ಇನ್ನೂ ಮುಕ್ಕಾಲು ಗಂಟೆಯಿತ್ತು. ಒರತೆಗೆ ಎರಡು ಸಲ ಇಳಿದು ಬಂದಿದ್ದರೂ ತಡವಾಗುತ್ತಿರಲಿಲ್ಲ. ಗುರುತಿನ ಚೀಟಿ ತೋರಿಸಿ ಪೆಟ್ಟಿಗೆ ಪಡೆದು, ಹೊರಗಿನ ಕಟ್ಟೆಯ ಮೇಲೆ ಕುಳಿತು ಕಾಲುಚೀಲ ತೆಗೆದಾಗ ಎಡ ಹೆಬ್ಬೆರಳಿನ ಉಗುರು ಪೂರ್ತಿ ಕಪ್ಪಾಗಿತ್ತು. ಹೊಸ ಶೂಗಳಲ್ಲಿ ಬೆರಳುಗಳನ್ನು ಆಡಿಸಿ ನೋಡಿದ ಮೇಲೆ ಹಳೆಯವನ್ನು ಕಸದ ತೊಟ್ಟಿಗೆ ಹಾಕಿದೆ. ಅವುಗಳ ದಾರಗಳನ್ನು ಮಾತ್ರ ಬಿಚ್ಚಿ ಇಟ್ಟುಕೊಂಡೆ.